ಗಿರಿಯಪ್ಪ ಕಾಕಾನ ಹಕ್ಕು ಬಿಡುಗಡೆ ಪತ್ರ

ಕಳೆದ ಗುರುವಾರ ಬೆಳಿಗ್ಗೆ ಹನ್ನೊಂದೂ ಕಾಲಿಗೆ ಕಲಘಟಗಿಯ ನೋಂದಣಿ ಕಚೇರಿಯಲ್ಲಿ ನನ್ನ ಎಡಗೈ ಹೆಬ್ಬೆರಳಿನ ಗುರುತು ತೆಗೆದುಕೊಳ್ಳಲಾಯಿತು. ಅಪರಾಧವೇನೂ ಇಲ್ಲ. ಮಿಶ್ರಿಕೋಟಿಯ ಹಿತ್ತಲಿನಲ್ಲಿ ನನ್ನ ಪಾಲಿಗಿದ್ದ ಒಂದು ತುಂಡು ಜಾಗವನ್ನು ತಮ್ಮನ ಹೆಸರಿಗೆ ಬಿಟ್ಟುಕೊಟ್ಟೆ, ಅಷ್ಟೆ. ಇಂಥ ಕಾಗದಕ್ಕೆ ಹಕ್ಕು ಬಿಡುಗಡೆ ಪತ್ರ ಎನ್ನುತ್ತಾರೆ. ಯಂತ್ರ ಮೂರು ಸಲ ನನ್ನ ಬೆರಳನ್ನು ಒಪ್ಪಲಿಲ್ಲವಾಗಿ ಅಲ್ಲಿದ್ದವರು ಹಳೆಯ ಸ್ಟ್ಯಾಂಪ್ ಪ್ಯಾಡ್ ಮುಂದಿಟ್ಟರು. ಶಾಯಿ ಹತ್ತಿದ ಬೆರಳನ್ನು ತಲೆಗೂದಲಿಗೆ ಒರೆಸಿಕೊಳ್ಳುವುದು ನಮ್ಮ ಕಡೆಯ ರೂಢಿ. ಒರೆಸಿಕೊಳ್ಳುವಷ್ಟು ಕೂದಲು ನನ್ನಲ್ಲಿ ಉಳಿದಿಲ್ಲ. ಏನು ಮಾಡುವುದೆಂದು ತೋಚದೆ ಬೆರಳನ್ನು ಮೂಸಿ ನೋಡಿದೆ. ಗಿರಿಯಪ್ಪ ಕಾಕಾ ನೆನಪಾದ.

ಕಾಕಾ ಎಂದರೆ ನಮ್ಮಪ್ಪನ ತಮ್ಮ. ಅವನ ಅಂಗಿ, ಟವೆಲು, ಅವನು ಮಡಚಿ ಕೊಡುತ್ತಿದ್ದ ಎಲೆಯಡಿಕೆ, ಎಲ್ಲಕ್ಕೂ ಈ ಶಾಯಿಯದೇ ವಾಸನೆ ಇರುತ್ತಿತ್ತು. ಮೂವತ್ತು ವರ್ಷ ಅವನು ದಿನವೂ ಎಂಟೂವರೆಯ ಬಸ್ಸಿಗೆ ಮಿಶ್ರಿಕೋಟಿಯಿಂದ ಕಲಘಟಗಿಗೆ ಹೋಗಿ, ಇದೇ ಕಚೇರಿಯ ಹೊರಗೆ ಒಂದು ತಗಡಿನ ನೆರಳಲ್ಲಿ ಮೇಜು ಹಾಕಿಕೊಂಡು ಕೂತು, ಜನರ ಹೊಲಮನೆಗಳ ಕಾಗದ ಬರೆಯುತ್ತಿದ್ದ. ಅಕ್ಷರ ಬಹಳ ಚಂದ. ಅದಕ್ಕಿಂತ ಹೆಸರಾದದ್ದು ಅವನ ಚಕಬಂದಿ. ಚಕಬಂದಿ ಎಂದರೆ ಒಂದು ಆಸ್ತಿಯ ಮೂಡಲಕ್ಕೆ ಯಾರ ಹೊಲ, ಪಡುವಲಕ್ಕೆ ಯಾರ ಗೋಡೆ ಎಂದು ನಾಲ್ಕೂ ದಿಕ್ಕಿನ ಗಡಿ ಬರೆಯುವುದು. ಗಿರಿಯಪ್ಪ ಬರೆದ ಚಕಬಂದಿಯ ಮೇಲೆ ತಕರಾರು ಬಂದದ್ದಿಲ್ಲ ಎನ್ನುತ್ತಿದ್ದರು. ತೊಂದರೆಯೆಂದರೆ ಕಾಗದದ ಭಾಷೆ ಅವನ ಊಟದ ತಾಟಿಗೂ ಬಂದಿತ್ತು. "ಸದರಿ ಪಲ್ಯಾ ಇನ್ನೊಂದೀಟು ಹಾಕು" ಎನ್ನುವನು. "ಸದರಿ ಪಲ್ಯಾ ಮುಗದೈತ್ರಿ" ಎನ್ನುವಳು ಅವನ ಹೆಂಡತಿ, ನಮ್ಮ ನೀಲವ್ವ ಚಿಗವ್ವ.

ಕಾಕಾ ಕುಡಿಯುತ್ತಿದ್ದ. ನಮ್ಮೂರಲ್ಲಿ ಯಾರೂ ಹಾಗೆ ಹೇಳುತ್ತಿರಲಿಲ್ಲ. "ಕಾಕಾ ಸಂಜೀಕ ತಗೋತಾನ" ಎನ್ನುತ್ತಿದ್ದರು. ಏನನ್ನು ಎಂದು ಕೇಳುವ ಪದ್ಧತಿ ಇಲ್ಲ. ಸಂಜೆ ತೆಗೆದುಕೊಳ್ಳುವವನು ಹಗಲೆಲ್ಲ ದುಡಿದವನು ಎಂದು ಜನ ಲೆಕ್ಕ ಹಿಡಿಯುತ್ತಾರೆ. ನಾನೂ ಹಾಗೇ ಹಿಡಿದಿದ್ದೆ.

ಏಳೆಂಟು ವರ್ಷದ ಹಿಂದೆ ಒಂದು ಅಮಾವಾಸ್ಯೆಯ ದಿನ ಕಾಕಾ ದೇವರ ಮುಂದೆ ನಿಂತು ಇನ್ನು ಮುಟ್ಟುವುದಿಲ್ಲ ಎಂದು ಆಣೆ ಮಾಡಿದ. ಯಾರನ್ನೂ ಕೇಳಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಅಂಗಳದಲ್ಲಿ ಫಿಟ್ಸ್ ಬಂದು ಬಿದ್ದ. ಧಾರವಾಡದ ದವಾಖಾನೆಯಲ್ಲಿ ಚಿಗವ್ವ ಮತ್ತು ನಾನು ನಿಂತಿದ್ದಾಗ ಡಾಕ್ಟರು ಕಾಕಾನಿಗೆ ಕೇಳುವಂತೆಯೇ ಹೇಳಿದರು.

"ಇಷ್ಟ ವರ್ಷ ಕುಡದವರು ಹಿಂಗ ಒಮ್ಮಿಗಲೆ ತಾವಾಗಿ ಬಿಡಬಾರದ್ರಿ. ನಮ್ಮ ಕಡೆ ಬಂದು, ಗುಳಿಗಿ ತಗೋತ ಬಿಡಬೇಕು. ಈಗೇನೋ ಉಳದೀರಿ. ಮತ್ತ ಶುರು ಮಾಡಿದ್ರ ಮುಂದಿನ ಸಲ ಉಳಸ್ತೀನಂತ ನಾ ಹೇಳಂಗಿಲ್ಲ."

ಒಂದು ವಾರ ಮಲಗಿದ ಮೇಲೆ ಅಲ್ಲಿಯ ಆಪ್ತ ಸಮಾಲೋಚಕಿ ಬಂದು ಒಂದು ಹಾಳೆ ಕೊಟ್ಟರು. ಹುಬ್ಬಳ್ಳಿ ಕಡೆಯ ಹೆಣ್ಣುಮಗಳು. ಎಲ್ಲರೂ ಮೇಡಮ್ಮಾರು ಎನ್ನುತ್ತಿದ್ದರು. ಹಾಳೆಯಲ್ಲಿ ಐದು ಪ್ರಶ್ನೆ. ಯಾವಾಗ ಕುಡಿಯಬೇಕೆನಿಸುತ್ತದೆ, ಎಲ್ಲಿ, ಯಾರ ಜೊತೆ, ಆಗ ಬೇರೆ ಏನು ಮಾಡುತ್ತೀರಿ, ಯಾರಿಗೆ ಫೋನ್ ಹಚ್ಚುತ್ತೀರಿ.

"ಕಾಕಾರ, ಸೋಮವಾರ ಮನಿಗೆ ಹೋಗ್ತೀರಿ. ಅದಕ್ಕಿಂತ ಮೊದಲ ಇದನ್ನ ನಿಮ್ಮ ಕೈಯಿಂದ ನೀವ ಬರೀಬೇಕು. ನಾ ಬರದ್ರ ಅದು ನಂದಾಗ್ತದ, ನಿಮ್ಮದಾಗೂದಿಲ್ಲ" ಎಂದರು.

ಅವರು ಆ ಕಡೆ ಹೋದದ್ದೇ ಕಾಕಾ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ತಮ್ಮಾ, ಇದಕ್ಕ ನಮೂನಿ ಅಂತಾರೇನು? ಚಕಬಂದಿ ಇಲ್ಲ, ಸಾಕ್ಷಿ ಇಲ್ಲ. ನಾಳೆ ತಕರಾರು ಬಂದ್ರ ಕೋರ್ಟಿನ್ಯಾಗ ನಿಲ್ಲೂದಿಲ್ಲ."

"ತಕರಾರು ಯಾರು ತಗೀತಾರ ಕಾಕಾ?"

"ನಾನ ತಗೀತೀನಿ. ನನ್ನ ಮ್ಯಾಲೆ ನನಗ ಭರೋಸಾ ಇಲ್ಲ."

ಎರಡು ದಿನ ಕೂತು ಬರೆದ. ಕೈ ನಡುಗಿ ಅಕ್ಷರಗಳು ಇರುವೆ ಸಾಲು ಚೆದುರಿದಂತೆ ಕಾಣುತ್ತಿದ್ದವು. ಮೇಲೆ ದಪ್ಪಗೆ 'ಹಕ್ಕು ಬಿಡುಗಡೆ ಪತ್ರ' ಎಂದಿತ್ತು. ಮಿಶ್ರಿಕೋಟಿಯ ನಿವಾಸಿ ಗಿರಿಯಪ್ಪ ಎಂಬುವನು, ಸ್ವಸ್ಥ ಚಿತ್ತದಿಂದ, ಯಾರ ಒತ್ತಾಯವೂ ಇಲ್ಲದೆ, ಯಾವ ಅಮಲಿನಲ್ಲಿಯೂ ಇರದೆ, ಮದ್ಯಪಾನದ ಮೇಲೆ ತನಗಿರುವ ಸಕಲ ಹಕ್ಕುಗಳನ್ನು ಬಿಟ್ಟುಕೊಟ್ಟ ಕ್ರಮವೇನೆಂದರೆ. ಅಮಲಿನಲ್ಲಿ ಇರದೆ ಎಂಬ ಮಾತನ್ನು ಅವನು ಮೂವತ್ತು ವರ್ಷ ಬೇರೆಯವರ ಪರವಾಗಿ ಬರೆದಿದ್ದ. ಬರೆಯುವವನ ಮಟ್ಟಿಗೆ ಅದು ಮೊದಲ ಸಲ ನಿಜವಾದದ್ದು ಆಗಲೇ ಇರಬೇಕು.

ಕೆಳಗೆ ಚಕಬಂದಿ. ಮೂಡಲಕ್ಕೆ ಬಸ್ ನಿಲ್ದಾಣದ ಹಿಂದಿನ ವೈನ್ ಶಾಪು. ಪಡುವಲಕ್ಕೆ ಖಾನಾವಳಿಯ ಒಳಗಿನ ಕೋಣೆ. ಬಡಗಲಕ್ಕೆ ರುದ್ರಪ್ಪನ ಹಿಟ್ಟಿನ ಗಿರಣಿ. ತೆಂಕಲಕ್ಕೆ ಸಾರ್ವಜನಿಕ ರಸ್ತೆ.

"ತೆಂಕಲಕ್ಕ ರಸ್ತೆ ಯಾಕ?" ಎಂದೆ.

"ಒಂದು ಬಾಜೂಕರ ದಾರಿ ಇರಬೇಕಲೇ. ಇಲ್ಲಾಂದ್ರ ನಾ ಹೊರಗ ಬರೂದು ಹೆಂಗ?"

ಆಮೇಲಿನ ವಾಕ್ಯ ಹೀಗಿತ್ತು: 'ಸದರಿ ಮದ್ಯಪಾನವು ಮೇಲ್ಕಂಡ ಸ್ಥಳಗಳಲ್ಲಿ ಸಾಯಂಕಾಲದ ವೇಳೆ ಜರುಗುತ್ತ ಬಂದಿರುತ್ತದೆ.' ಯಾರು ಕುಡಿದರು ಎಂಬುದು ಎಲ್ಲೂ ಇರಲಿಲ್ಲ. ಮಳೆಯಂತೆ ಅದು ತಾನಾಗಿ ಜರುಗಿತ್ತು. ಬೇರೆಯವರ ವಾಕ್ಯ ತಿದ್ದಿಯೇ ಅನ್ನ ಉಂಡವನು ನಾನು. ಪೆನ್ನು ತೆಗೆದು ಹನ್ನೊಂದು ಕಡೆ 'ಸದರಿ' ಹೊಡೆದು ಹಾಕಿದೆ, ಎರಡು ಒತ್ತಕ್ಷರ ಸರಿ ಮಾಡಿದೆ, ಅಗದಿ ಛಲೋ ಆಗಿದೆ ಎಂದು ವಾಪಸು ಕೊಟ್ಟೆ. ಆ ಪತ್ರದಲ್ಲಿ ಮುಖ್ಯ ಸಂಗತಿಯೇ ಇಲ್ಲ ಎಂಬುದು ನನ್ನ ಕಣ್ಣಿಗೆ ಬೀಳಲಿಲ್ಲ. ಈ ಬಗೆಯ ಅಚಾತುರ್ಯ ನನಗೆ ಹೊಸದಲ್ಲ.

ಭಾನುವಾರ ಬಡಗಲ ದಿಕ್ಕು ತಾನೇ ದವಾಖಾನೆಗೆ ನಡೆದು ಬಂತು. ರುದ್ರಪ್ಪ ಕಾಕಾನ ಗೆಳೆಯ. ಅವನ ಗಿರಣಿಯ ಹಿಂದೆ ಸಂಜೆಯ ಮಂದಿ ಸೇರುತ್ತಿದ್ದರು. ಒಂದು ಡಜನ್ ಬಾಳೆಹಣ್ಣು ತಂದು, ತಾನೇ ಒಂದು ಸುಲಿದು ತಿನ್ನುತ್ತ ಪತ್ರ ಓದಿದ.

"ಇದೇನ್ಲೇ ಗಿರಿಯಾ, ನನ್ನ ಗಿರಣಿ ಬಡಗಲಕ್ಕ ಬರದಿ?"

"ಇರೂದ ಬಡಗಲಕ್ಕಲ್ಲೇನು?"

"ದಿಕ್ಕು ಖರೇ ಐತಿ. ಆದ್ರ ನಾ ಎಂದರ ಕುಡಿಸೀನೇನು? ಕುಂದ್ರಾಕ ಜಾಗಾ ಕೊಟ್ಟೀನಿ, ಅಷ್ಟ."

"ಚಕಬಂದಿಯಾಗ ಜಾಗಾನ ಬರಿಯೂದು. ನಿನ್ನ ಗುಣಾ ಬರಿಯೂದಲ್ಲ."

ರುದ್ರಪ್ಪ ಇನ್ನಷ್ಟು ಓದಿ ತಲೆ ಎತ್ತಿದ. "ಹಕ್ಕ ಬಿಡ್ತೀನಂತ ಬರದಿ. ಯಾರ ಹೆಸರಿಗೆ ಬಿಡ್ತಿ ಅನ್ನೂದು ಖಾಲಿ ಐತಲ್ಲ? ಖಾಲಿ ಬಿಡಬಾರದಲೇ, ನನ್ನ ಹೆಸರಿಗೆ ಬಿಡು."

ಮೂಲೆಯಲ್ಲಿ ಬುತ್ತಿ ಬಿಚ್ಚುತ್ತಿದ್ದ ಚಿಗವ್ವ ತಿರುಗಿ ನೋಡಲೂ ಇಲ್ಲ. "ಬ್ಯಾಡ್ರಿ ಅಣ್ಣಾರ. ನಿಮ್ಮ ಪಾಲಿಂದ ನಿಮಗ ಜಗ್ಗಿ ಐತಿ."

ನಾನು ನಕ್ಕೆ, ಕಾಕಾನೂ ನಕ್ಕ. ಚಿಗವ್ವ ಕೈ ಒರೆಸಿಕೊಂಡು ಬಂದು ಪತ್ರ ಇಸಿದುಕೊಂಡಳು. ಅವಳು ಓದಿದ್ದು ಏಳನೆಯ ಇಯತ್ತೆ. ಆದರೆ ಕಾಕಾ ಕರಡುಗಳನ್ನು ಮನೆಯಲ್ಲಿ ಗಟ್ಟಿಯಾಗಿ ಓದುತ್ತಿದ್ದದ್ದನ್ನು ಮೂವತ್ತು ವರ್ಷ ಕೇಳಿದವಳು. ಕಾಗದದ ಕಾನೂನು ಅವಳಿಗೆ ಕಿವಿಯಿಂದ ಬಂದಿತ್ತು. ಒಂದೊಂದೇ ಸಾಲಿನ ಕೆಳಗೆ ಬೆರಳಿಟ್ಟು ಓದಿ ಮುಗಿಸಿದಳು.

"ನಾಕೂ ದಿಕ್ಕು ಬರದೀರಿ. ನಡುವಿನ ಆಸ್ತಿ ಎಲ್ಲೈತ್ರಿ?"

"ನಡುವ ಏನೈತಿ, ನಾನ ಅದೀನಿ" ಎಂದ ಕಾಕಾ.

"ನಡುವ ನಮ್ಮ ಮನಿ ಐತಿ. ಮನ್ಯಾಗ ಹಿಂದಿನ ಖೋಲಿ ಐತಿ. ಖೋಲ್ಯಾಗ ಭತ್ತದ ಚೀಲ ಅದಾವು. ಮೂರನೇ ಚೀಲದ ಹಿಂದಿಂದು ನಾ ಹೇಳ್ಲೋ, ನೀವ ಬರೀತೀರೋ?"

ರುದ್ರಪ್ಪ ಬಾಳೆಹಣ್ಣು ಅಗಿಯುವುದನ್ನು ನಿಲ್ಲಿಸಿದ. ಕಾಕಾ ಹೊದಿಕೆಯ ಅಂಚು ಸರಿ ಮಾಡಿಕೊಂಡು ಕೇಳಿದ.

"ನಿನಗ ಯಾವಾಗಿಂದ ಗೊತ್ತು?"

"ಮನಿ ಕಸಾ ನಾನ ಹೊಡೀತೀನ್ರಿ."

"ಮತ್ತ ಇಷ್ಟ ದಿನಾ ಯಾಕ ಹೇಳ್ಲಿಲ್ಲ?"

"ಹೇಳಿದ್ರ ಜಾಗಾ ಬದ್ಲಿ ಮಾಡ್ತಿದ್ರಿ. ಮತ್ತ ಹುಡುಕೂ ತ್ರಾಸು ನನಗ."

ಆಗ ಕಾಕಾ ನನ್ನ ಕಡೆ ತಿರುಗಿ ಹೇಳಿದ. ಹೆಂಡತಿಗೆ ಹೇಳಬೇಕಾದ್ದನ್ನು ಅಣ್ಣನ ಮಗನಿಗೆ ಹೇಳುವುದು ಅವನಿಗೆ ಸುಲಭವಾಗಿದ್ದಿರಬೇಕು. "ಮುಂಜಾನಿ ಏಳೂದಕ್ಕ ಕೈ ನಡಗತಾವ ತಮ್ಮಾ. ಎಂಟೂವರಿ ಬಸ್ಸಿಗೆ ಹೋಗಿ ಬರೀಬೇಕು. ಸರ್ವೆ ನಂಬರಿನ್ಯಾಗ ಆರು ಹೋಗಿ ಏಳಾತಂದ್ರ ಒಬ್ಬನ ಹೊಲ ಇನ್ನೊಬ್ಬಗ ಹೋತು. ಅದಕ್ಕ ಕೈ ನಿಲ್ಲಾಕಂತ ಒಂದು ಗ್ಲಾಸು. ಮುಂದ ಎರಡಾತು. ಸಂಜೀದು ದೋಸ್ತರ ಸಲುವಾಗಿ, ಅದು ಬಿಡಬಹುದು. ಮುಂಜಾನಿದು ಬಿಟ್ರ ನಾ ಬರಿಯೂದು ಹೆಂಗ?"

ಊರು ಅವನನ್ನು ಸಂಜೆಯ ಮನುಷ್ಯನೆಂದು ತೀರ್ಮಾನಿಸಿತ್ತು. ಅವನ ಪತ್ರವೂ ಹಾಗೇ ಹೇಳಿತ್ತು, ಅದನ್ನು ತಿದ್ದಿ ಛಲೋ ಆಗಿದೆ ಎಂದವನು ನಾನು. ಆ ಪತ್ರ ಹಿಡಿದುಕೊಂಡು ಅವನು ಸೋಮವಾರ ಮನೆಗೆ ಹೋಗಿದ್ದರೆ, ನಾಲ್ಕೂ ದಿಕ್ಕಿನ ಗಡಿ ಕಾಯುತ್ತ, ಮಂಗಳವಾರ ಬೆಳಿಗ್ಗೆ ಮೂರನೆಯ ಚೀಲದ ಹಿಂದೆ ಹೋಗುತ್ತಿದ್ದ.

"ಹೊಸಾ ಹಾಳಿ ತಗೋರಿ" ಎಂದಳು ಚಿಗವ್ವ. "ಮುಂಜಾನಿ ಆರರಿಂದ ಎಂಟರ ತನಕ ಎರಡೂ ಕೈ ನನ್ನ ಕಡೆ ಇರಬೇಕು. ಬರೀರಿ."

ಕಾಕಾ ಅದನ್ನು ತನ್ನ ಭಾಷೆಗೆ ತಂದ. 'ಪ್ರತಿದಿನ ಬೆಳಿಗ್ಗೆ ಆರರಿಂದ ಎಂಟರವರೆಗೆ ಬರೆದುಕೊಡುವವನ ಎರಡೂ ಕೈಗಳು ಪತ್ನಿ ನೀಲವ್ವನ ತಾಬಾದಲ್ಲಿ ಇರತಕ್ಕದ್ದು. ಗುಳಿಗೆಗಳನ್ನು ಅವಳ ಎದುರು ನುಂಗತಕ್ಕದ್ದು. ಕೈ ನಿಲ್ಲುವ ತನಕ ಬರೆಯುವ ಕೆಲಸ ಹಿಡಿಯತಕ್ಕದ್ದಲ್ಲ.' ಕೊನೆಯ ವಾಕ್ಯ ಬರೆಯುವಾಗ ಎರಡು ಸಲ ನಿಂತ. ಫೋನಿನ ಪ್ರಶ್ನೆಗೆ ನನ್ನ ನಂಬರು ಹಾಕಿದ. ಸಾಕ್ಷಿ ಇಬ್ಬರು ಬೇಕು. ಒಂದು ನನ್ನ ಸಹಿ. ಇನ್ನೊಂದನ್ನು ರುದ್ರಪ್ಪ, ಯಾರೂ ಕರೆಯದಿದ್ದರೂ, ತಾನೇ ಪೆನ್ನು ಕಸಿದು ಮಾಡಿದ. ಮರುದಿನ ಮೇಡಮ್ಮಾರು ಪತ್ರವನ್ನು ನಿಂತುಕೊಂಡೇ ಓದಿದರು. ನಗು ಬಂದಂತಿತ್ತು, ನಗಲಿಲ್ಲ. ತಾಬಾದ ವಾಕ್ಯದ ಕೆಳಗೆ ಗೆರೆ ಎಳೆದು, "ಇದೊಂದು ಗಟ್ಟಿ ಹಿಡೀರಿ" ಎಂದರು.

ನೀಲವ್ವ ಚಿಗವ್ವನ ತಾಬಾ ಎಂದರೆ ಏನೆಂಬುದು ಕಾಕಾನಿಗೆ ಗೊತ್ತಿರಲಿಲ್ಲ. ಮೊದಲ ವಾರ ಅಕ್ಕಿಯ ಹರಳು ಆರಿಸಿದ. ಆಮೇಲೆ ಶೇಂಗಾ ಒಡೆದ. ಮೂರನೆಯ ತಿಂಗಳು ರೊಟ್ಟಿಯ ಹಿಟ್ಟು ಮುಂದೆ ಬಂತು. "ಹೆಂಗೂ ನಡಗತಾವ, ಬಡಿಯೂದಕ್ಕ ಬ್ಯಾರೆ ತ್ರಾಸಿಲ್ಲ" ಎಂದಳಂತೆ. ಊರಿಗೆಲ್ಲ ಸುದ್ದಿಯಾಯಿತು. ಅವನು ಬಡಿದ ರೊಟ್ಟಿಗೆ ನಾಲ್ಕು ಮೂಲೆ ಇರುತ್ತವೆ, ಬೇಕಾದರೆ ಸರ್ವೆ ಮಾಡಿಸಬಹುದು ಎಂದು ಜನ ಆಡಿಕೊಂಡರು. ರುದ್ರಪ್ಪ ಗಿರಣಿಯ ಹಿಂಗೋಡೆಗೆ 'ಇಲ್ಲಿ ಜೋಳ, ಗೋಧಿ ಮಾತ್ರ' ಎಂದು ಸುಣ್ಣದಲ್ಲಿ ಬರೆಸಿ, ತಾನು ಮಾತ್ರ ಬೇರೆ ಕಡೆ ಹೋಗತೊಡಗಿದ. ಐದನೆಯ ತಿಂಗಳು ಕಾಕಾ ಮತ್ತೆ ಬಸ್ಸು ಹತ್ತಿದ, ಒಂಬತ್ತೂವರೆಯದು.

ಎಲ್ಲವೂ ಹೀಗೇ ಸುರಳೀತ ಸಾಗಿತೆಂದರೆ ನೀವು ನಂಬಲಿಕ್ಕಿಲ್ಲ, ಸಾಗಲೂ ಇಲ್ಲ. ದೇವಿಕೊಪ್ಪದಲ್ಲಿ ಒಂದು ಮದುವೆಗೆ ಹೋದವನು ಕುಡಿದು ಬಂದ. ಮರುದಿನ ಬೆಳಿಗ್ಗೆ ನನಗೆ ಫೋನು. "ತಮ್ಮಾ, ಚಕಬಂದಿಯಾಗ ಒಂದು ಬಾಜೂ ಬಿಟ್ಟಿತ್ತು." ಅವತ್ತೇ ಚಿಗವ್ವನ ಜೊತೆ ಧಾರವಾಡಕ್ಕೆ ಹೋದ. ಜಾರಿದ್ದಕ್ಕೆ ಪತ್ರ ಹರಿಯುವುದು ಬೇಡ, ತಿದ್ದಿದರೆ ಸಾಕು ಎಂದರಂತೆ ಮೇಡಮ್ಮಾರು. ತಿದ್ದುವುದಕ್ಕೂ ಕಾಕಾನ ಕಸಬಿನಲ್ಲಿ ಒಂದು ಕಾಗದವಿದೆ, ತಿದ್ದುಪಡಿ ಪತ್ರ. ಬರೆದ. ಎರಡನೆಯ ತಿದ್ದುಪಡಿ, ನೋಂದಣಿಯ ಕಾಗದಗಳನ್ನೆಲ್ಲ ಕಂಪ್ಯೂಟರಿನಲ್ಲೇ ಮಾಡಿಸಿ ತರಬೇಕು ಎಂದಾದ ವಾರದ್ದು. ಕೈ ನಿಂತಿತ್ತು, ಕೈಬರಹ ಯಾರಿಗೂ ಬೇಕಿರಲಿಲ್ಲ. ಮೂರನೆಯದರಲ್ಲಿ ಮದುವೆಯೂ ಇಲ್ಲ, ಕಂಪ್ಯೂಟರೂ ಇಲ್ಲ. 'ಕಾರಣ ಏನೂ ಇಲ್ಲ. ಕುಡಿಯಬೇಕೆನಿಸಿತು. ನಾನು ಕುಡಿದೆ' ಎಂದಿದೆ. ನಾನು ಅದರಲ್ಲಿ ಒಂದಕ್ಷರವನ್ನೂ ತಿದ್ದಲಿಲ್ಲ.

ಗುರುವಾರ ಕಚೇರಿಯ ಕೆಲಸ ಮುಗಿಸಿ ಮಿಶ್ರಿಕೋಟಿಗೆ ಹೋದೆ. ಕಾಕಾ ಮನೆಯಲ್ಲಿ ಇರಲಿಲ್ಲ. ಬಮ್ಮಿಗಟ್ಟಿಯ ಒಬ್ಬನ ಜೊತೆ ಧಾರವಾಡದ ದವಾಖಾನೆಗೆ ಹೋಗಿದ್ದ. "ನಂಗೂ ಅಂಥಾದ್ದೊಂದು ಬರದು ಕೊಡ್ರಿ ಅಂತ ಬಂದಿದ್ದ ಅಂವ. ಇವರು ಬರದು ಕೊಡಲಿಲ್ಲ, ನಿನ್ನ ಕೈಲೆ ನೀನ ಬರೀಬೇಕು, ನಡಿ ಹೋಗೂಣು ಅಂದ್ರು" ಎಂದಳು ಚಿಗವ್ವ. ಊಟಕ್ಕೆ ಎರಡು ರೊಟ್ಟಿ ಹಾಕಿದಳು. ಎರಡೂ ದುಂಡಗಿದ್ದವು. ಯಾರು ಬಡಿದದ್ದೆಂದು ಕೇಳಿದೆ. "ತಿನ್ನು, ಚೌಕಶಿ ಬ್ಯಾಡ" ಎಂದಳು.

ಮೂರನೆಯ ತಿದ್ದುಪಡಿ ಬರೆದು ಹದಿನಾಲ್ಕು ತಿಂಗಳಾಗಿದೆ. ನಾಲ್ಕನೆಯದು ಬೇಕಾದೀತೆಂದು ಕಾಕಾ ತಂದಿಟ್ಟಿದ್ದ ಹಾಳೆಗಳನ್ನು ಚಿಗವ್ವ ಅಡುಗೆಮನೆಯ ಹಲಗೆಯ ಮೇಲೆ ಖಾರಪುಡಿ, ಬೆಲ್ಲದ ಡಬ್ಬಿಗಳ ಕೆಳಗೆ ಹಾಸಿದ್ದಾಳೆ.