ಜೀವಿತಾಳ ಎಡಗಿವಿ

ಕಾಸರಗೋಡಿನ ಕುಸುಮಾವತಿ ಕೊಚ್ಚಿಯ ಪಾಲಾರಿವಟ್ಟಂನ ಬ್ಯಾಂಕೊಂದರಲ್ಲಿ ಗುಮಾಸ್ತೆ. ತಿರುವನಂತಪುರದಲ್ಲಿ ಕೇಂದ್ರ ಸರ್ಕಾರದ ಕಚೇರಿಯಲ್ಲಿದ್ದ ತಮ್ಮ ಕಮಲಾಕ್ಷನಿಗೆ ಪ್ರತಿ ಭಾನುವಾರ ತಪ್ಪದೆ ಫೋನು ಮಾಡುವಳು. ಅವನ ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು.

“ಮಗು ಹೇಗುಂಟು?”

“ಚೆನ್ನಾಗಿ ಉಂಟು ಅಕ್ಕ.”

ಅಷ್ಟು ಕೇಳಿದರೆ ಅವಳಿಗೆ ಸಮಾಧಾನ.

ಒಂದು ಮಂಗಳವಾರ ತಮ್ಮನ ಕೆಳಮನೆಯ ಮೇರಿ ಟೀಚರ್ ಫೋನು ಮಾಡಿದರು. ಏಳು ವರ್ಷದ ಜೀವಿತಾ ಶಾಲೆಗೆ ಹೋಗದೆ ತಿಂಗಳಾಯಿತಂತೆ. ಬೆಳಿಗ್ಗೆಯಿಂದ ರಾತ್ರಿಯವರೆಗೆ ಮನೆಗೆ ಹೊರಗಿನಿಂದ ಬೀಗವಂತೆ.

ಮರುದಿನ ಕುಸುಮಾವತಿ ವೈಟ್ಟಿಲದಲ್ಲಿ ತಿರುವನಂತಪುರದ ಮೊದಲ ಬಸ್ಸು ಹಿಡಿದಳು. ಚಾಲೈ ಪೇಟೆಯ ಹಿಂದಿನ ಆ ಮನೆಯ ಕಿಟಕಿಯಿಂದ ಎಷ್ಟು ಕೂಗಿದರೂ, ನೆಲದ ಮೇಲೆ ಬೆನ್ನು ಹಾಕಿ ಕೂತಿದ್ದ ಹುಡುಗಿ ತಿರುಗಿ ನೋಡಲಿಲ್ಲ. ಕಮಲಾಕ್ಷ ಕಚೇರಿಯಿಂದ ಬಂದು ಬೀಗ ತೆಗೆದ. ಮಗುವಿನ ಎಡಗಿವಿಯಿಂದ ಕೀವು ಕುತ್ತಿಗೆಯವರೆಗೆ ಇಳಿದು ಒಣಗಿತ್ತು. ಹತ್ತಿರ ಹೋದರೆ ನಾತ.

ಆಸ್ಪತ್ರೆಯಲ್ಲಿ ಡಾಕ್ಟರು ಎಷ್ಟು ದಿನದಿಂದ ಎಂದು ಕೇಳಿದರು. “ನಾಲ್ಕು ತಿಂಗಳಿರಬಹುದು” ಎಂದ ಕಮಲಾಕ್ಷ. ಆ ಕಿವಿ ಇನ್ನು ಕೇಳುವುದು ಕಷ್ಟ, ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಲೇಬೇಕು ಎಂದರು ಅವರು.

“ನಾನು ಒಂದು ಪೆಟ್ಟೂ ಹೊಡೆದವನಲ್ಲ!”

“ಹೊಡೆಯದೆಯೂ ಮಗುವನ್ನು ಕೊಲ್ಲಬಹುದು” ಎಂದರು ಡಾಕ್ಟರು.

ಹೊರಗೆ ಬಂದವನೇ ಕಮಲಾಕ್ಷ ಅಕ್ಕನ ಕೈ ಹಿಡಿದುಕೊಂಡ. “ಇದು ನಮ್ಮ ಮನೆಯ ವಿಷಯ ಅಂತ ನೀನು ಹೇಳು ಅಕ್ಕ. ಅವಳು ಹೋದ ಮೇಲೆ ಆ ಮನೆಯಲ್ಲಿ ಕೂರ್ಲಿಕ್ಕೆ ನನ್ನಿಂದ ಆಗುದಿಲ್ಲ.”

“ಮಗು ಕೂತದ್ದಲ್ವಾ ಕಮಲಾಕ್ಷ?”

ಸಮಿತಿಯ ಮುಂದೆ ಅವಳು ಎಲ್ಲವನ್ನೂ ಹೇಳಿದಳು. ಎರಡು ವರ್ಷದಲ್ಲಿ ತಾನು ಬಂದದ್ದು ಒಂದೇ ಸಲ, ಮಗುವಿನ ಕೈಗೆ ಫೋನು ಕೊಡು ಎಂದು ಒಮ್ಮೆಯೂ ಕೇಳಲಿಲ್ಲ ಎಂಬುದನ್ನೂ ಬರೆಸಿ ಸಹಿ ಹಾಕಿದಳು. ತಮ್ಮನ ಮೇಲೆ ಕೇಸಾಯಿತು. ಅವನು ಮತ್ತೆ ಅವಳ ಫೋನು ಎತ್ತಲಿಲ್ಲ.

ಸಮಿತಿ ಮಗುವನ್ನು ಅವಳಿಗೇ ಒಪ್ಪಿಸಿತು. ಕೊಚ್ಚಿಗೆ ಬಂದ ಜೀವಿತಾ ಕನ್ನಡದಲ್ಲಿ ಏನು ಕೇಳಿದರೂ ಮಲಯಾಳದಲ್ಲಿ ಒಂದೇ ಮಾತು ಕೇಳುತ್ತಿದ್ದಳು: “ಅಚ್ಛನ್ ಎಪ್ಪೋಳ್ ವರುಂ?” ಅಪ್ಪ ಯಾವಾಗ ಬರುತ್ತಾರೆ ಎಂದು.

ಕುಸುಮಾವತಿಯ ರಜೆ ಮುಗಿಯುತ್ತ ಬಂತು. ಕೀವು ಸೋರುವ ಮಗು ಬೇಡವೆಂದು ಮೂರು ಡೇಕೇರ್‌ಗಳು ಕೈಚೆಲ್ಲಿದವು. ಭಾನುವಾರ ಸಂಜೆ, ಅರ್ಧ ದಿನ ಮಗು ಮನೆಯಲ್ಲಿ ಒಬ್ಬಳೇ ಇದ್ದರೆ ಏನಾದೀತು ಎಂಬ ಯೋಚನೆ ಅವಳ ತಲೆಯಲ್ಲಿ ಹಾದುಹೋಯಿತು. ಕೂಡಲೇ ಮ್ಯಾನೇಜರಿಗೆ ಫೋನು ಮಾಡಿ ಸಂಬಳವಿಲ್ಲದ ರಜೆ ಕೇಳಿದಳು.

“ಎಷ್ಟು ದಿನ?” ಎಂದರು ಅವರು.

“ಗೊತ್ತಿಲ್ಲ ಸರ್.”