ಐದು ಅಡಿ ಆರು ಇಂಚಿನ ಸೈಕಲ್ಲು

ನನ್ನ ಮಾವ ಪ್ರಾಣೇಶರಾಯರು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಲಂಚ ಮುಟ್ಟಿದವರಲ್ಲ, ಇನ್ನೊಬ್ಬರ ಬಗ್ಗೆ ಹಗುರವಾಗಿ ಮಾತಾಡಿದವರಲ್ಲ. ನನಗೆ ತಿಳಿದಂತೆ ಅವರು ಜೀವನದಲ್ಲಿ ಹೇಳಿದ್ದು ಒಂದೇ ಸುಳ್ಳು. ಆದರೆ ಆ ಒಂದನ್ನೇ ವರ್ಷಗಟ್ಟಲೆ ಹೇಳಿದರು. ಅದು ಅವರ ಮಗಳು, ಅಂದರೆ ನನ್ನ ನಾದಿನಿ ಸುಹಾಸಿನಿಯ ಎತ್ತರದ ವಿಷಯ.

ಮನೆಯವರ ಅಂದಾಜಿನಲ್ಲಿ ಅವಳು ಐದು ಅಡಿ ಹನ್ನೊಂದು ಇಂಚು. ನಾನು ಹೈದರಾಬಾದಿನ ಕಾಚಿಗೂಡದ ಆ ಮನೆಗೆ ಸೊಸೆಯಾಗಿ ಬಂದ ದಿನ ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತವಳು ಅವಳೇ. ಮುಖ ನೋಡಲೆಂದು ಕತ್ತೆತ್ತಿದರೆ ನಾನು ಮುಡಿದ ಹೂವು ಬೆನ್ನ ಹಿಂದೆ ಜಾರಿಬಿತ್ತು. ನಮ್ಮ ಜನರಲ್ಲಿ ಅಷ್ಟು ಎತ್ತರದ ಹುಡುಗಿಗೆ ಗಂಡು ಎಲ್ಲಿಂದ ತರುವುದು? ಗಂಡಿನ ಕಡೆಯವರು ಕೇಳಿದಾಗಲೆಲ್ಲ ಮಾವನವರು ಐದು ಅಡಿ ಆರು ಎನ್ನುತ್ತಿದ್ದರು. ಅವರು ಬರುವ ಮೊದಲೇ ಅವಳನ್ನು ಜಮಖಾನೆಯ ಮೇಲೆ ಕೂಡಿಸಿ, ಅವರು ಬೀದಿ ದಾಟುವವರೆಗೂ ಏಳಗೊಡುತ್ತಿರಲಿಲ್ಲ. ಚಹಾ, ಉಪ್ಪಿಟ್ಟು ಕೊಡುವ ಕೆಲಸ ನನ್ನದು. ಹೀಗಾದರೆ ಸಪ್ತಪದಿಯನ್ನೂ ಕೂತೇ ತುಳಿಯಬೇಕಾದೀತು ಎಂದು ನಾನೊಮ್ಮೆ ಬಾಯಿ ಬಿಟ್ಟು ಅತ್ತೆಯಿಂದ ಚೆನ್ನಾಗಿ ಬೈಸಿಕೊಂಡೆ. ಸುಹಾಸಿನಿ ನಕ್ಕಳು. ಆದರೆ ಅಷ್ಟರಲ್ಲಾಗಲೇ ಬಾಗಿ ಬಾಗಿ ಅವಳ ಬೆನ್ನು ಗೂನಾಗತೊಡಗಿತ್ತು.

ಎಂಬತ್ತಮೂರನೇ ಇಸವಿ. ಅವಳು ಎಂಎಸ್ಸಿ ಓದಲು ತಾರ್ನಾಕದ ಯೂನಿವರ್ಸಿಟಿಗೆ ತನ್ನ ಅಣ್ಣನ, ಅಂದರೆ ನನ್ನ ಗಂಡನ, ಹಳೆಯ ಸೈಕಲ್ ಮೇಲೆ ಹೋಗುತ್ತಿದ್ದಳು. ಅಲ್ಲಿಯ ಕೆಲವು ಹುಡುಗಿಯರು ಸೇರಿ ಡಿಸೆಂಬರ್ ರಜೆಯಲ್ಲಿ ಕನ್ಯಾಕುಮಾರಿಯವರೆಗೆ ಸೈಕಲ್ ಪ್ರವಾಸ ಹೋಗುವುದೆಂದು ಗೊತ್ತು ಮಾಡಿದರು. ಹಾದಿಯನ್ನು ನಕ್ಷೆಯಲ್ಲಿ ಗುರುತಿಸಿದವಳು, ಎಲ್ಲೆಲ್ಲಿ ಉಳಿಯಬೇಕೆಂದು ಗೊತ್ತುಪಡಿಸಿದವಳು ಸುಹಾಸಿನಿಯೇ. ಅವಳು ತನಗಾಗಿ ಏನನ್ನಾದರೂ ಕೇಳಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಮಾವನವರೂ ಇಲ್ಲ ಅನ್ನಲಿಲ್ಲ. ಅಷ್ಟು ದೂರಕ್ಕೆ ತಕ್ಕ ಸೈಕಲ್ ತಾವೇ ಕೊಡಿಸುತ್ತೇನೆ ಎಂದರು.

ಆದರೆ ಅವಳಿಗಾಗುವ ಸೈಕಲ್ ಹೈದರಾಬಾದಿನಲ್ಲಿ ಸಿಗಬೇಕಲ್ಲ! ಲೇಡೀಸ್ ಸೈಕಲ್ಲುಗಳೆಲ್ಲ ಒಂದೇ ಅಳತೆ, ಕೂತರೆ ಮೊಣಕಾಲು ಹ್ಯಾಂಡಲ್ಲಿಗೆ ತಗಲುತ್ತಿತ್ತು. ಗಂಡಸರ ಸೈಕಲ್ಲಿನಲ್ಲಿ ಎಲ್ಲಕ್ಕಿಂತ ದೊಡ್ಡದು ಇಪ್ಪತ್ನಾಲ್ಕು ಇಂಚಿನ ಫ್ರೇಮು. ಅದರಲ್ಲಿ ಸೀಟು ಎಷ್ಟು ಎತ್ತಿದರೂ ಹ್ಯಾಂಡಲ್ ಕೆಳಗೇ ಉಳಿದು ಅವಳು ಮತ್ತೆ ಬಾಗಲೇಬೇಕು. ಹಿಂದೆ ಸಾಮಾನಿನ ಚೀಲ ಕಟ್ಟಿದರೆ ಹಿಮ್ಮಡಿ ಅದಕ್ಕೆ ಬಡಿಯುತ್ತಿತ್ತು. ಬೇರೆ ಫ್ರೇಮನ್ನೇ ಮಾಡಿಸಬೇಕು, ಎತ್ತರವೂ ಹೆಚ್ಚಬೇಕು, ಉದ್ದವೂ ಹೆಚ್ಚಬೇಕು ಎಂದು ಅವಳೇ ತಿಳಿಸಿ ಹೇಳಿದಳು. ಸ್ಟೇಷನ್ನಿನ ಹಿಂದೆ ಕಲಬುರ್ಗಿ ಕಡೆಯ ಶಿವಶರಣಪ್ಪ ಪೈಪು ಕತ್ತರಿಸಿ ಬೆಸೆದು ಫ್ರೇಮು ಮಾಡಿಕೊಡುತ್ತಿದ್ದ.

ಮಾವನವರು ಮಗಳನ್ನು ಅಲ್ಲಿಗೆ ಕರೆದೊಯ್ಯಲಿಲ್ಲ. ಬೀದಿಯಂಗಡಿಯಲ್ಲಿ ಹೆಣ್ಣುಮಗಳ ಕಾಲಿನ ಅಳತೆ ತೆಗೆಸುವುದು ಅವರಿಗೆ ಸರಿಬರಲಿಲ್ಲ. ಎತ್ತರ ಹೇಳಿದರೆ ಸಾಕು, ಉಳಿದದ್ದನ್ನು ಅವನು ಹೊಂದಿಸುತ್ತಾನೆ ಎಂದು ಒಬ್ಬರೇ ಹೊರಟರು.

ಅಂಗಡಿಯ ಬೆಂಚಿನ ಮೇಲೆ ರಾಮಕೃಷ್ಣರು ಕೂತಿದ್ದರು, ಪಂಕ್ಚರ್ ಹಾಕಿಸಲು ಬಂದವರು. ಈ ಊರಿನ ನಮ್ಮವರ ಅರ್ಧ ಮದುವೆ ಕೂಡಿಸಿದವರು ಅವರೇ. ಅವರ ಬಾಯಿಗೆ ಬಿದ್ದ ಮಾತು ಸಂಜೆಯೊಳಗೆ ಎಲ್ಲ ಮನೆ ಮುಟ್ಟುತ್ತಿತ್ತು. ಆಗಷ್ಟೇ ಅವರು ಸುಹಾಸಿನಿಗೆ ರಾಯಚೂರಿನ ಲೆಕ್ಚರರ್ ಒಬ್ಬರ ಸಂಬಂಧ ತಂದಿದ್ದರು. ಅವರಿಗೂ ಐದು ಅಡಿ ಆರು ಎಂದೇ ಹೇಳಿತ್ತು. ಹುಡುಗಿಯ ಎತ್ತರ ಎಷ್ಟೆಂದು ಶಿವಶರಣಪ್ಪ ಕೇಳಿದಾಗ ರಾಮಕೃಷ್ಣರು ಕಿವಿ ನೆಟ್ಟಗೆ ಮಾಡಿದರು. ಮಾವನವರು ಐದು ಅಡಿ ಆರು ಎಂದುಬಿಟ್ಟರು.

"ಅಷ್ಟಕ್ಕ ಬ್ಯಾರೆ ಫ್ರೇಮ್ ಯಾಕ್ರೀ? ತಯಾರ ಇದ್ದದ್ದ ನಡೀತೈತಲ್ಲ" ಎಂದ ಶಿವಶರಣಪ್ಪ.

ದೂರದ ಹಾದಿ, ಸಾಮಾನು ಬಹಳ, ಗಟ್ಟಿ ಫ್ರೇಮು ಬೇಕು ಎಂದು ಇವರು ತೇಪೆ ಹಚ್ಚಿದರು. ಮರುದಿನ ಒಬ್ಬರೇ ಬಂದು ನಿಜ ಹೇಳಬೇಕೆಂದುಕೊಂಡರಂತೆ. ಮರುದಿನ ಅಂಗಡಿಯವರೆಗೂ ಹೋದರಂತೆ. ಶಿವಶರಣಪ್ಪ ರಾಮಕೃಷ್ಣರ ಮುಂದೆ ಬಾಯಿಬಿಟ್ಟರೆ ಬಂದ ಸಂಬಂಧವೂ ಹೋದೀತೆಂದು ಹಾಗೇ ಮನೆಗೆ ಬಂದರಂತೆ. ಇದನ್ನೆಲ್ಲ ಅವರೇ ನನಗೆ ಎಷ್ಟೋ ವರ್ಷದ ಮೇಲೆ ಹೇಳಿದರು.

ಹೊರಡುವ ವಾರದಲ್ಲಿ ಸೈಕಲ್ ಬಂತು. ನೀಲಿ ಬಣ್ಣ, ಹಿಂದೊಂದು ಮುಂದೊಂದು ಕ್ಯಾರಿಯರ್, ನೋಡಲು ಬಲು ಚೆಂದ. ಸುಹಾಸಿನಿ ಓಣಿಯಲ್ಲಿ ಒಂದು ಸುತ್ತು ಹಾಕಿ ಬಂದು ಇಳಿದಳು. ಸೀಟನ್ನು ಎತ್ತಿಕೊಂಡು ಮತ್ತೊಂದು ಸುತ್ತು ಹಾಕಿದಳು. ಆಗಲೂ ಮೊಣಕಾಲು ಹ್ಯಾಂಡಲ್ಲಿಗೆ ತಗಲುತ್ತಿತ್ತು. ಆಮೇಲೆ ಅಪ್ಪನ ಮುಂದೆ ನಿಂತು, ಅಂಗಡಿಯಲ್ಲಿ ನನ್ನ ಎತ್ತರ ಎಷ್ಟೆಂದು ಹೇಳಿದ್ದೀರಿ ಎಂದು ಕೇಳಿದಳು. ಐದು ಅಡಿ ಆರು ಎಂದರು ಮಾವನವರು.

"ಗಂಡಿನವರಿಗೆ ಹೇಳಿದ್ರಿ, ಸುಮ್ಮನಿದ್ದೆ" ಎಂದಳು ಅವಳು. "ಸೈಕಲ್ಲಿಗೂ ಸುಳ್ಳು ಹೇಳಬೇಕಿತ್ತೇನು ಅಪ್ಪಾ?"

ಹೊಸದು ಮಾಡಿಸಲು ವೇಳೆ ಇರಲಿಲ್ಲ. ಅದನ್ನೇ ತುಳಿದುಕೊಂಡು ಹೋದಳು. ಜಡಚರ್ಲ ಮುಟ್ಟುವಷ್ಟರಲ್ಲಿ ಮೊಣಕಾಲು ಊದಿ ಕುಂಬಳಕಾಯಿಯಂತಾಗಿತ್ತು. ಗೆಳತಿಯರು ಮುಂದೆ ಹೋದರು, ಇವಳು ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ತಿರುಗಿ ಬಂದಳು. ಅವರು ಕನ್ಯಾಕುಮಾರಿ ನೋಡಿ, ಬಿಸಿಲಿಗೆ ಕಪ್ಪಾಗಿ ಮನೆಗೆ ಬಂದಾಗ ನಗುನಗುತ್ತಲೇ ಎಲ್ಲವನ್ನೂ ಕೇಳಿಕೊಂಡಳು. ಅವರು ಹೋದ ಮೇಲೆ ಹಿತ್ತಲಿಗೆ ಹೋಗಿ ಅತ್ತಳು. ನಾನು ಜೊತೆಗೆ ಕೂತೆ. ನನಗೂ ಅಳು ಬಂತು, ಮಾವನವರ ಮೇಲೆ ಕೆಟ್ಟ ಸಿಟ್ಟೂ ಬಂತು. ರಾಯಚೂರಿನ ಸಂಬಂಧ ಜಾತಕ ಕೂಡದೆ ತಾನಾಗಿಯೇ ತಪ್ಪಿತ್ತು. ಎತ್ತರದವರೆಗೆ ಮಾತು ಬರಲೇ ಇಲ್ಲ.

ಮಾವನವರು ಇನ್ನೊಂದು ಫ್ರೇಮು ಮಾಡಿಸೋಣ, ನಾನೇ ನಿನ್ನನ್ನು ಕರೆದುಕೊಂಡು ಹೋಗುತ್ತೇನೆ ಎಂದು ಎಷ್ಟೋ ಸಲ ಕೇಳಿದರು. ಈಗ ಎಲ್ಲಿಗೆ ಹೋಗುವುದಿದೆ ಎಂದಳು ಅವಳು. ಓದು ಮುಗಿಯುತ್ತಲೇ ಪಟಾನ್‌ಚೆರುವಿನ ಔಷಧಿ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಹಿಡಿದು ಬಸ್ಸಿನಲ್ಲಿ ಓಡಾಡತೊಡಗಿದಳು.

ಒಂದು ಸಂಜೆ ರಾಮಕೃಷ್ಣರು ಮತ್ತೊಂದು ಗಂಡು ಹುಡುಕಿಕೊಂಡು ಬಂದರು. ಹುಡುಗ ಎತ್ತರ ಕಡಿಮೆ, ನಮ್ಮ ಹುಡುಗಿ ಐದು ಆರೇ ಅಲ್ಲವೇ ಎಂದು ಕೇಳಿದರು. ಮಾವನವರು ಎದ್ದು ನಿಂತರು.

"ಇಷ್ಟು ದಿನ ಸುಳ್ಳು ಹೇಳೀನಿ, ರಾಮಕೃಷ್ಣ. ಆಕಿ ಐದು ಅಡಿ ಹನ್ನೊಂದು ಇಂಚು ಇದ್ದಾಳ."

ಕೆಲಸ ಮುಗಿಸಿ ಬಂದ ಸುಹಾಸಿನಿ ಆಗಷ್ಟೇ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಳು.

"ಆರು ಅಡಿ, ಅಪ್ಪಾ" ಎಂದಳು. "ಕಾರ್ಖಾನಿ ಡಾಕ್ಟರು ಗ್ವಾಡಿಗೆ ನಿಲ್ಲಿಸಿ ಅಳದ್ರು. ನಮ್ಮ ಮನ್ಯಾಗ ಯಾರೂ ಅಳದಿದ್ದಿಲ್ಲಲ್ಲ."

ದನಿಯಲ್ಲಿ ಸಿಟ್ಟಿರಲಿಲ್ಲ. ಕಾಲು ತೊಳೆಯಲು ಒಳಗೆ ಹೋದಳು.

ಅವಳು ಮದುವೆಯಾಗಲಿಲ್ಲ. ಅದಕ್ಕಾಗಿ ಅವಳು ಅತ್ತದ್ದನ್ನು ನಾನು ಕಂಡಿಲ್ಲ. ಕೊರಗಿದವರು ಮಾವನವರು. ಕೊನೆಗಾಲದಲ್ಲಿ ನಾನು ಔಷಧಿ ಕೊಡಲು ಹೋದಾಗಲೆಲ್ಲ ಆ ಸುಳ್ಳಿನ ಮಾತು ತೆಗೆಯುತ್ತಿದ್ದರು. ಆದದ್ದಾಯಿತು, ಕೊನೆಗೆ ನಿಜ ಹೇಳಿದಿರಲ್ಲ ಎಂದು ಒಮ್ಮೆ ಸಮಾಧಾನ ಮಾಡಹೋದೆ.

"ಎಲ್ಲಿ ಹೇಳಿದೆ, ನಲಿನಿ?" ಎಂದರು. "ಖರೇ ಎಷ್ಟಂತ ನನಗ ಗೊತ್ತೇ ಇದ್ದಿಲ್ಲ."