ಇಲಿಬೋನಿನ ಬಡಗಿ

ಅಮ್ಮಿ ತೀರಿಕೊಂಡ ಮೇಲೆ ಅಬ್ಬಾನನ್ನು ಚನ್ನಪಟ್ಟಣದಿಂದ ಕಡಲಾಚೆಯ ಒನೆಹುಂಗಾ ಊರಿನ ನಮ್ಮ ಮನೆಗೆ ಕರೆತಂದೆ. ಆಯುಷ್ಯವಿಡೀ ಲೇತಿನ ಮುಂದೆ ಕೂತು ಮರದ ಆಟಿಕೆ ಕಡೆದವರು ಇಲ್ಲಿ ಹೀಟರಿನ ಪಕ್ಕ ಸುಮ್ಮನೆ ಕೂತಿರುತ್ತಿದ್ದರು. ಕೇಳಿದ್ದಕ್ಕೆ ಉತ್ತರ, ಅಷ್ಟೇ.

ಒಂದು ಸಂಜೆ ಆಸ್ಪತ್ರೆಯ ಡ್ಯೂಟಿ ಮುಗಿಸಿ ಬರುವಾಗ, ಹಳೆಯ ಸಾಮಾನು ಮಾರುವ ಅಂಗಡಿಯಲ್ಲಿ ಒಂದು ಚಿತ್ರ ಕಂಡಿತು. ನೆದರ್ಲೆಂಡ್ಸ್ ಕಡೆಯ ಬಹಳ ಹಳೆಯ ವರ್ಣಚಿತ್ರವೊಂದರ ಅಚ್ಚು. ತಲೆಗೆ ರುಮಾಲು ಸುತ್ತಿದ ಮುದುಕ ಬಡಗಿ ಬೈರಿಗೆ ಹಿಡಿದು ಹಲಗೆಗೆ ತೂತು ಕೊರೆಯುತ್ತಿದ್ದಾನೆ. ಸುತ್ತ ಉಪಕರಣಗಳು, ಕಿಟಕಿಯಾಚೆ ಊರಿನ ಚೌಕ. ತಂದು ಹಾಲಿನಲ್ಲಿ ತೂಗುಹಾಕಿದೆ.

ಮನೆಯಲ್ಲಿ ನಮ್ಮದು ಉರ್ದು. ಕೆಲಸದ ಮಾತು ಬಂದರೆ ಮಾತ್ರ ಅಬ್ಬಾ ಕನ್ನಡಕ್ಕೆ ಹೊರಳುತ್ತಿದ್ದರು. ಅಂದು ಎದ್ದು ಬಂದು ಚಿತ್ರದ ಮುಂದೆ ನಿಂತು ಕನ್ನಡದಲ್ಲೇ ಕೇಳಿದರು.

"ಬೆಂಚಿನ ಮೇಲೆ ಅದೇನಮ್ಮಾ ಮಾಡಿಟ್ಟವ್ನೆ?"

"ಇಲಿಬೋನಂತೆ ಅಬ್ಬಾ. ಚಿತ್ರದ ಹಿಂದ್ಗಡೆ ಬರ್ದಿದೆ."

"ಇಲಿಬೋನಾ! ಇಷ್ಟು ಗಂಭೀರವಾಗಿ ಕೂತ್ಕಂಡು ಇಲಿಬೋನಾ!" ಎಂದು ಜೋರಾಗಿ ನಕ್ಕರು. ಈ ದೇಶಕ್ಕೆ ಬಂದ ಮೇಲೆ ನಾನು ಕೇಳಿದ ಅವರ ಮೊದಲ ನಗು ಅದು.

ಆ ವಾರವೇ ಪಕ್ಕದ ಮನೆಯ ಅಂಕಲ್, ಈ ದೇಶದವರೇ ಆದ ಕೀವಿ, ತಮ್ಮ ಹಿತ್ತಲಿನ ಫಿಜೋವಾ ಹಣ್ಣು ಕೊಡಲು ಬಂದರು. ಒಂಟಿ ಮನುಷ್ಯ. ಹಕ್ಕಿಮೊಟ್ಟೆ ತಿನ್ನುವ ಇಲಿಗಳಿಗಾಗಿ ಬೇಲಿಯುದ್ದಕ್ಕೂ ಬೋನಿಟ್ಟವರು. ಅಬ್ಬಾ ಅವರ ತೋಳು ಹಿಡಿದು ಚಿತ್ರದ ಮುಂದೆ ನಿಲ್ಲಿಸಿ ಬೆಂಚಿನತ್ತ ಬೆರಳು ತೋರಿಸಿದರು. ಅಂಕಲ್ ಕನ್ನಡಕ ಸರಿಮಾಡಿಕೊಂಡು ದಿಟ್ಟಿಸಿ, "ನನ್ನ ಗ್ಯಾರೇಜಿನಲ್ಲಿ ಮರ ಇದೆ, ಇದನ್ನ ಮಾಡಬಹುದಾ ಅಂತ ನಿಮ್ಮ ತಂದೆಯನ್ನ ಕೇಳು" ಎಂದರು. ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಅಬ್ಬಾ ಆಗಲೇ ಚಪ್ಪಲಿ ಹುಡುಕುತ್ತಿದ್ದರು.

ಚಿತ್ರ ನಮ್ಮ ಗೋಡೆಯಿಂದ ಅವರ ಗ್ಯಾರೇಜಿಗೆ ಹೋಯಿತು. ಆ ಚಳಿಗಾಲವೆಲ್ಲ ಬಟ್ಟೆ ಒಣಹಾಕುವಾಗ ಬೇಲಿಯಾಚೆಯಿಂದ ಎರಡು ಭಾಷೆಯ ಜಗಳ ಕೇಳಿಸುತ್ತಿತ್ತು. ಅಬ್ಬಾನ ಕೈ ಮೊದಲಿನಂತಿರಲಿಲ್ಲ, ಉಳಿ ಜಾರುತ್ತಿತ್ತು, ಅಂಕಲ್ ಹಲಗೆ ಹಿಡಿದುಕೊಳ್ಳುತ್ತಿದ್ದರು. ಮರದ ಹೊಟ್ಟು ಮೆತ್ತಿದ ಸ್ವೆಟರಿನಲ್ಲಿ ಅಬ್ಬಾ ಮನೆಗೆ ಬಂದರೆ ನನ್ನ ಬಾಲ್ಯದ ವಾಸನೆ ಬರುತ್ತಿತ್ತು. ಚನ್ನಪಟ್ಟಣದಲ್ಲಿ ಆಟಿಕೆಗೆ ಬಳಿಯುವ ಅರಗಿನ ಕಮಟೂ ಸೇರಿರುತ್ತಿತ್ತು. ಇಲ್ಲಿ ಬರೀ ಪೈನ್ ಮರದ್ದು. ಆದರೂ ಸಾಕಿತ್ತು.

ಬೋನು ಸಿದ್ಧವಾಯಿತು. ಮುಚ್ಚಳ ಒಮ್ಮೆ ಬೀಳುತ್ತಿತ್ತು, ಒಮ್ಮೆ ಇಲ್ಲ. ಕಡಲೆಬೀಜದ ಬೆಣ್ಣೆ ಸವರಿಟ್ಟ ಮೂರನೆಯ ಬೆಳಗ್ಗೆ ಖಾಲಿ ಬೋನು ನೆಕ್ಕಿಟ್ಟಂತೆ ಶುಚಿಯಾಗಿತ್ತು.

"ಊಟ ಮಾಡ್ಕಂಡು ಹೋಗವ್ನೆ ನೆಂಟ" ಎಂದರು ಅಬ್ಬಾ. ನಾನು ಇಂಗ್ಲಿಷಿಗೆ ತಿರುಗಿಸಿ ಹೇಳುವ ಮೊದಲೇ ಅಂಕಲ್ ನಗುತ್ತಿದ್ದರು.

ಮರುವರ್ಷ ಅಬ್ಬಾ ನಿದ್ದೆಯಲ್ಲೇ ಹೋದರು. ಮಣ್ಣಿಗೆ ಅಂಕಲ್ ಕೂಡ ಬಂದರು, ಯಾರದೋ ಟೋಪಿ ಕೇಳಿ ಹಾಕಿಕೊಂಡು. ಎಲ್ಲರಂತೆ ಮೂರು ಹಿಡಿ ಮಣ್ಣು ಹಾಕಿ, ಎಲ್ಲರೂ ಸರಿದ ಮೇಲೂ ಅಲ್ಲೇ ನಿಂತಿದ್ದರು.

ಸಂಜೆ ನಮ್ಮ ಅಡುಗೆಮನೆಯಲ್ಲಿ ಅವರಿಗೆ ಟೀ ಬಗ್ಗಿಸುತ್ತಿದ್ದೆ. ಲೋಟದ ಮೇಲೆ ಕೈ ಅಡ್ಡ ಹಿಡಿದು, ಕನ್ನಡದಲ್ಲೇ, "ಸಾಕು, ಸಾಕು" ಎಂದರು. ಉಚ್ಚಾರ ಥೇಟ್ ಚನ್ನಪಟ್ಟಣದ್ದು.